ಟ್ರಯಲ್ ಗಾಡಿ

ಗುರುಸಿದ್ದಪ್ಪನವರು ಕರೆಂಟಿನ ಕಾರು ಕೊಳ್ಳುವ ಮಾತೆತ್ತಿದ್ದೇ ತಡ, ಅವರೆದುರು ಎಂದೂ ತುಟಿ ಬಿಚ್ಚದ ಮನೆಮಂದಿಗೆಲ್ಲ ಬಾಯಿ ಬಂತು.

"ದಾರಿಯೊಳಗ ಚಾರ್ಜ್ ಮುಗದ್ರ ನೂಕೋರು ಯಾರು?" ಎಂದ ಮಗ.

"ಮಳಿಗಾಲದಾಗ ಶಾಕ್ ಹೊಡಿತೈತ್ರಿ," ಎಂದಳು ಹೆಂಡತಿ.

"ಡೀಸೆಲ್ ಗಾಡಿಗೆ ಏನಾಗೇತೋ? ಲಕ್ಷ್ಮಿ ಇದ್ದಂಗ ಐತಿ," ಎಂದಳು ಅವ್ವ.

ಓಣಿಯ ತುದಿಯಿಂದಲೇ ಹಿಟ್ಟಿನ ಗಿರಣಿಯಂತೆ ಒದರಿಕೊಂಡು ಬರುವ ಆ ಹಳೇ ಗಾಡಿಯ ಮೇಲೆ ಇವರಿಗೆ ಇಷ್ಟೊಂದು ಪ್ರೀತಿ ಯಾಕೋ ಗುರುಸಿದ್ದಪ್ಪನವರಿಗೆ ತಿಳಿಯಲಿಲ್ಲ.

ಮರುದಿನ ಸಂಜೆ, ಶೋರೂಮಿನವರು ಟ್ರಯಲ್‌ಗೆ ಕೊಟ್ಟ ಕರೆಂಟಿನ ಕಾರನ್ನು ಓಡಿಸಿಕೊಂಡು ಮನೆಗೆ ಬಂದರು. ಗೇಟಿನಲ್ಲಿ ಮಲಗಿದ್ದ ನಾಯಿಗೂ ಎಚ್ಚರವಾಗಲಿಲ್ಲ. ಒಳಗೆ ನಗುವೋ ನಗು. ಕಿಟಕಿಯಲ್ಲಿ ಇಣುಕಿದರು.

ಅವ್ವ ಗುರುಸಿದ್ದಪ್ಪನವರ ಕೋಟು ತೊಟ್ಟು, ಅವರ ಹಳೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಗದರುತ್ತಿದ್ದಳು: "ಫ್ಯಾನ್ ಆರಸ್ರಿ. ಕರೆಂಟ್ ಏನು ಪುಕ್ಕಟ ಬರತೈತೇನು?"

ಹೆಂಡತಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇನ್ನೊಮ್ಮೆ, ಅಜ್ಜಿ," ಎನ್ನುತ್ತಿದ್ದ ಮಗ.

ಗುರುಸಿದ್ದಪ್ಪನವರು ಮೆಲ್ಲಗೆ ಹಿಂದೆ ಸರಿದು, ಕಾರಿನಲ್ಲಿ ಕೂತು ಉದ್ದಕ್ಕೆ ಹಾರ್ನ್ ಒತ್ತಿದರು. ಆಮೇಲೆ ಸಾವಕಾಶವಾಗಿ ಒಳಗೆ ಕಾಲಿಟ್ಟರು. ಮಗ ಪುಸ್ತಕ ಹಿಡಿದಿದ್ದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವ್ವ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದಳು. ಕನ್ನಡಕ ಮಾತ್ರ ಇನ್ನೂ ಮೂಗಿನ ತುದಿಯಲ್ಲೇ ಇತ್ತು.

"ಹೆಂಗೈತೋ ಹೊಸಾ ಗಾಡಿ?" ಎಂದಳು.

"ಛಲೋ ಐತಿ ಬೇ. ಆದ್ರ ಸಪ್ಪಳ ಇಲ್ಲ. ನಮ್ಮ ಮನಿಗೆ ಆಗಿಬರಂಗಿಲ್ಲ."