ತಂಗಿಯ ಮೂರು ಆವೃತ್ತಿಗಳು

ದಾವಣಗೆರೆಯ ಪರೀಕ್ಷಾ ಕೇಂದ್ರದಲ್ಲಿ ಮನುಷ್ಯರ ಬೇರೆ ಬೇರೆ ವಯಸ್ಸಿನ ಆವೃತ್ತಿಗಳನ್ನು ಕಂಪ್ಯೂಟರಿನೊಳಗಿನ ವರ್ಚುವಲ್ ಯಂತ್ರಗಳಲ್ಲಿ ಎಬ್ಬಿಸಿ ಮಾತಾಡಿಸುವುದು ಶಕೀಲಾಳ ಕೆಲಸ. ಅಂದು ಬಂದವರು ಗುರುಪಾದಯ್ಯ. ತಂಗಿ ನೀಲಾಂಬಿಕೆಯ ಗಂಡ ತೀರಿಕೊಂಡಾಗ ಅವರು ಹೋಗಿರಲಿಲ್ಲ. ಅಂದಿನಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಈಗ ಕ್ಷಮೆ ಕೇಳಿ ಪತ್ರ ಬರೆದಿದ್ದರು. ಓದಿದರೆ ತಂಗಿ ಏನನ್ನುತ್ತಾಳೋ ಎಂದು, ಕಳಿಸುವ ಮೊದಲು ಎಲ್ಲರಂತೆ ಅವರೂ ಅದನ್ನು ಪರೀಕ್ಷೆಗೆ ತಂದಿದ್ದರು.

ಶಕೀಲಾ ಮೊದಲು ಇಪ್ಪತ್ತರ ನೀಲಾಂಬಿಕೆಗೆ ಪತ್ರ ಓದಿದಳು. “ನಂಗಿನ್ನೂ ಮದುವೇನೇ ಆಗಿಲ್ಲ,” ಎಂದು ಆಕೆ ನಕ್ಕಳು. ಗಂಡ ತೀರಿದ ವರ್ಷದವಳು ಮೊದಲ ಸಾಲಿಗೇ ಅತ್ತಳು. ಈ ವರ್ಷದವಳು ಕೊನೆಯವರೆಗೂ ಕೇಳಿ, “ಅಣ್ಣ ಹೊರಗೇ ಕುಂತಾನಾ?” ಎಂದಳು.

“ಹೌದಮ್ಮ.”

“ಸೀದಾ ಮನೆಗೆ ಬಂದಿದ್ರೆ ಊಟಕ್ಕೆ ಕೂರಿಸ್ತಿದ್ದೆ. ನನ್ನನ್ನೇ ಟೆಸ್ಟ್ ಮಾಡ್ತಾನಾ? ಬರೋದು ಬೇಡ ಅನ್ನು.”

ಶಕೀಲಾ ಹೊರಗೆ ಬಂದು ಎಲ್ಲವನ್ನೂ ಹೇಳಿದಳು. “ಪತ್ರ ಬಿಡಿ ಸಾರ್. ಮನೇಲಿರೋ ನಿಜವಾದ ತಂಗಿಗೆ ಈ ಟೆಸ್ಟ್ ವಿಷಯ ಗೊತ್ತಿಲ್ಲ. ಸೀದಾ ಹೋಗಿ.”

ಗುರುಪಾದಯ್ಯನವರ ಕಣ್ಣು ತುಂಬಿತು. ಪತ್ರವನ್ನು ಹರಿದು ಎದ್ದರು. ಬಾಗಿಲವರೆಗೆ ಹೋದವರು ಮೆಲ್ಲಗೆ ತಿರುಗಿ ಬಂದು ಮತ್ತೆ ಕುರ್ಚಿಯಲ್ಲಿ ಕುಳಿತರು.

“ಸೀದಾ ಹೋದ್ರೆ ಏನಂತಾಳೆ, ಅದನ್ನೊಂದು ಟೆಸ್ಟ್ ಮಾಡಿಬಿಡಮ್ಮ.”