ಏರಿನಲ್ಲಿ ಮುಗ್ಗರಿಸಿದ ಕಾರು

ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ್ದ ಹಳೆಯ ಕಾರು ಏರು ಬಂದರೆ ಜರ್ಕ್ ಹೊಡೆಯುತ್ತಿತ್ತು. ಗ್ಯಾರೇಜಿಗೆ ಬಂದ ಲಿಂಗರಾಜಪ್ಪನವರು ಮೆಕ್ಯಾನಿಕ್ ಇನಾಯತ್ ಮೇಲೆ ಹರಿಹಾಯ್ದರು.

"ಹೋದ ತಿಂಗಳು ಸರ್ವೀಸ್ ಮಾಡಿದ್ದು ನೀನೇ ತಾನೆ? ಸೈಕಲ್ ಪಂಕ್ಚರ್ ಹಾಕೋ ಯೋಗ್ಯತೆನೂ ಇಲ್ಲ ನಿಂಗೆ."

ಇನಾಯತ್ ಬಾನೆಟ್ ಎತ್ತಿದ. ಪ್ಲಗ್ ನೋಡಿದ, ಫಿಲ್ಟರ್ ಬಿಚ್ಚಿದ, ಕೊನೆಗೆ ಟ್ಯಾಂಕಿನಿಂದ ಬಾಟಲಿಗೆ ಪೆಟ್ರೋಲ್ ಇಳಿಸಿ ಮೂಸಿದ.

"ನನ್ನ ಕೆಲಸದಲ್ಲಿ ತಪ್ಪಿಲ್ಲ ಸಾರ್. ಇದಕ್ಕೆ ಸೀಮೆಎಣ್ಣೆ ಬೆರೆಸಿದಾರೆ. ಯಾವ ಕಳ್ಳನ ಬಂಕಲ್ಲಿ ಹಾಕಿಸಿದ್ರಿ?"

ಪಕ್ಕದಲ್ಲಿದ್ದ ಡ್ರೈವರ್ ತಲೆ ತಗ್ಗಿಸಿದ. "ನಿನ್ನೆ ರಿಸರ್ವಿಗೆ ಬಂದಿತ್ತು ಸಾರ್. ಹತ್ರ ಬೇರೆ ಬಂಕ್ ಇರ್ಲಿಲ್ಲ."

ಲಿಂಗರಾಜಪ್ಪನವರು ಅವನ ಕಡೆ ತಿರುಗಿದರು. "ಕತ್ತೆ! ನಮ್ಮ ಬಂಕಲ್ಲಿ ಮಾತ್ರ ಹಾಕಿಸ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"