ಯೆಪ್ತಾಹನ ಮಗಳು

ಮಗಳ ಜ್ವರ ಇಳಿಯುತ್ತಲೇ ಇರಲಿಲ್ಲ. ಔಷಧ ಮುಟ್ಟಿಸುವುದಿಲ್ಲ, ಪ್ರಾರ್ಥನೆಯಿಂದಲೇ ಗುಣವಾಗಬೇಕು ಎಂದು ಸತ್ಯಾನಂದ ದೇವರಿಗೆ ಮಾತು ಕೊಟ್ಟಿದ್ದ. ಮಂಚದ ಪಕ್ಕದಿಂದ ಕದಲದೆ ಕೂತಿದ್ದವನನ್ನು ಹೆಂಡತಿ ಕೃಪಾವತಿ ಬೈಬಲ್ ಹಿಡಿದು ಪಡಸಾಲೆಗೆ ಕರೆದಳು. ಬೈಬಲಿನ ಬಗ್ಗೆ ಎಂದೂ ಪ್ರಶ್ನೆ ಎತ್ತಿದವಳಲ್ಲ ಅವಳು.

"ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದಾಗ ದೇವದೂತ ತಡೆದ. ಯೆಪ್ತಾಹ ಹರಕೆ ತೀರಿಸೋಕೆ ಮಗಳನ್ನೇ ಬಲಿ ಕೊಟ್ಟನಲ್ಲ, ಅವನನ್ನ ಯಾಕೆ ಯಾರೂ ತಡೀಲಿಲ್ಲ?"

"ಅದು ದುಡುಕಿನ ಹರಕೆ. ದೇವರು ಕೇಳಿರಲಿಲ್ಲ."

"ಹಾಗಾದ್ರೆ ಮುರೀಬಹುದಿತ್ತಲ್ಲ?"

"ದೇವರಿಗೆ ಕೊಟ್ಟ ಮಾತು ಮುರಿಯೋಕಾಗಲ್ಲ ಕಣೇ."

"ಕೇಳದೇ ಇದ್ದದ್ದನ್ನ ಕೊಟ್ಟರೆ ದೇವರಿಗೆ ಸಂತೋಷವೇನ್ರೀ?"

ಅವನು ಪುಟ ತಿರುವಿದ. ಒಂದು ವಚನ ಓದಿದರೆ ಇನ್ನೊಂದು ಅಡ್ಡ ಬರುತ್ತಿತ್ತು. ಅವಳು ಬಿಡದೆ ಕೇಳುತ್ತಲೇ ಹೋದಳು. ದನಿ ಮಾತ್ರ ನಡುಗುತ್ತಿತ್ತು. ಅವನು ಪುಸ್ತಕ ಮುಚ್ಚಿದ. "ನನಗೂ ತಿಳೀತಿಲ್ಲ" ಎಂದು ಎದ್ದು ಮಗಳ ಕೋಣೆಗೆ ಹೋದ.

ಮಂಚದ ಮೇಲೆ ಮಗಳಿರಲಿಲ್ಲ. ಹಿತ್ತಲ ಬಾಗಿಲು ತೆರೆದೇ ಇತ್ತು.

ಹಿಂದೆಯೇ ಬಂದ ಕೃಪಾವತಿ ಹೇಳಿದಳು: "ನಮ್ಮಣ್ಣ ಇಷ್ಟೊತ್ತಿಗೆ ಅವಳನ್ನ ಆಸ್ಪತ್ರೆಗೆ ಸೇರಿಸಿರ್ತಾನೆ."